ವಾರದ ಸಭೆಯ ಸುದ್ದಿ ಒಲೆಯ ಬಳಿಗೂ ಬರಲಿ

ಸಂಜೆ ಏಳು ಗಂಟೆ. ಕುಕ್ಕರಿನ ಎರಡನೇ ಸೀಟಿ ಇನ್ನೂ ಆಗಿಲ್ಲ. ನಿಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ನಿಂತು, ಎದೆಯ ಮೇಲೆ ಚಕ್ರದ ಗುರುತಿನ ಪುಟ್ಟ ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದಾರೆ. “ಊಟಕ್ಕೆ ಕಾಯಬೇಡ ಮಾರಾಯ್ತಿ, ಇವತ್ತು ಮೀಟಿಂಗು” ಎನ್ನುತ್ತ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ರಾತ್ರಿ ಒಂಬತ್ತೂವರೆಗೆ ಬಂದವರನ್ನು “ಏನಾಯ್ತು ಮೀಟಿಂಗಿನಲ್ಲಿ?” ಎಂದು ಕೇಳಿದರೆ, “ಏನಿಲ್ಲ, ಯಾವಾಗಿನ ಹಾಗೆಯೇ” ಎಂಬ ಉತ್ತರ. ಅಲ್ಲಿಗೆ ಮುಗಿಯಿತು. ನೀವು ಪಾತ್ರೆ ತೊಳೆದು ದೀಪ ಆರಿಸುತ್ತೀರಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಈ ದೃಶ್ಯ ವಾರ ವಾರವೂ ನಡೆಯುತ್ತದೆ. ರೋಟರಿಯೋ, ಲಯನ್ಸೋ, ಜೇಸೀಸೋ, ಹೆಸರು ಯಾವುದಾದರೂ ಇರಲಿ. “ಏನಿಲ್ಲ” ಎಂದರಲ್ಲ, ಆ ‘ಏನಿಲ್ಲ’ದೊಳಗೆ ಎಷ್ಟು ಇರುತ್ತದೆಂದು ನನಗೆ ತಿಳಿಯಲು ಒಂದು ಪೆಟ್ಟೇ ಬೀಳಬೇಕಾಯಿತು. ಅದನ್ನೇ ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದು ಕುಳಿತಿದ್ದೇನೆ.

ಬಿಸ್ಕತ್ತಿನ ಡಬ್ಬಿಯ ಕೆಳಗಿನ ಚೀಟಿ

ನಮ್ಮ ಮನೆಗೆ ಒಬ್ಬ ಅಜ್ಜಿ ಹಾಲು ತಂದುಕೊಡುತ್ತಿದ್ದಳು. ಊರ ಹೊರಗೆ ಎರಡು ಮೈಲಿ ದೂರದ ಹಳ್ಳಿ. ಮಳೆಗಾಲದಲ್ಲಿ ಗೊರಬು ಹೊದ್ದು, ಬೇಸಗೆಯಲ್ಲಿ ಸೆರಗು ತಲೆಗೆಳೆದು, ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ವರ್ಷ ಗಮನಿಸಿದೆ: ಪಾತ್ರೆಗೆ ಹಾಲು ಹೊಯ್ಯುವಾಗ ಹೆಬ್ಬೆರಳನ್ನು ಪಾತ್ರೆಯ ಅಂಚಿನೊಳಕ್ಕೆ ಇಳಿಬಿಡುತ್ತಿದ್ದಳು. ಹಾಲು ಬೆರಳಿಗೆ ತಾಗಿದರೆ ತುಂಬಿತು ಅಂತ ಲೆಕ್ಕ. “ಎಂತ ಅಜ್ಜೀ, ಕಣ್ಣು ಕಾಣ್ಸಲ್ವಾ?” ಎಂದರೆ, “ಹೊಗೆ ಹೊಗೆ ಕಾಣ್ತದೆ ಅಮ್ಮಾರೆ. ವಯಸ್ಸಾಯ್ತಲ್ಲ” ಎಂದು ನಕ್ಕುಬಿಟ್ಟಳು. ನಾನೂ ನಕ್ಕೆ.

ಆಮೇಲೆ ಒಂದು ದಿನ ದೀಪಾವಳಿಗೆಂದು ಅಡಿಗೆಮನೆಯ ಶೆಲ್ಫು ತೆಗೆದು ಒರೆಸುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯ ಕೆಳಗೆ ಹಾಸಿದ್ದ ಕಾಗದ ಕಣ್ಣಿಗೆ ಬಿತ್ತು. ನಮ್ಮವರ ಕ್ಲಬ್ಬಿನ ವಾರದ ಸುದ್ದಿಪತ್ರ. ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ನಾಲ್ಕೇ ಸಾಲು: ಉಚಿತ ನೇತ್ರ ತಪಾಸಣಾ ಶಿಬಿರ, ಕಣ್ಣಿನ ಪೊರೆ ಇದ್ದವರಿಗೆ ಉಚಿತ ಶಸ್ತ್ರಚಿಕಿತ್ಸೆ, ಹೋಗಿ ಬರುವ ವ್ಯವಸ್ಥೆಯೂ ಕ್ಲಬ್ಬಿನದೇ. ತಾರೀಕು ನೋಡಿದರೆ ಎಂಟು ದಿನದ ಹಿಂದೆ ಆಗಿಹೋಗಿತ್ತು! ಆ ಕಾಗದವನ್ನು ಮಡಿಸಿ ಡಬ್ಬಿಯ ಕೆಳಗೆ ಹಾಸಿದವಳು ಬೇರೆ ಯಾರೂ ಅಲ್ಲ, ನಾನೇ.

ಮುಂದಿನ ಶಿಬಿರ ಬರುವುದು ಮುಂದಿನ ವರ್ಷ. ಆ ನಡುವೆ ಅಜ್ಜಿ ಒಂದು ಬೆಳಗಿನ ಜಾವ ಕೊಟ್ಟಿಗೆಯ ಮೆಟ್ಟಿಲು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಹಾಲು ನಿಂತಿತು. ಹಸು ಮಾರಿದರು. ನಾನು ಯಾರನ್ನು ದೂರಲಿ? ಕ್ಲಬ್ಬಿನವರು ಶಿಬಿರ ಮಾಡಿದ್ದರು, ಪತ್ರಿಕೆಯಲ್ಲಿ ಹಾಕಿದ್ದರು, ಮನೆಯವರು ಅದನ್ನು ಮನೆಗೂ ತಂದಿದ್ದರು. ಸುದ್ದಿ ನಮ್ಮ ಹೊಸ್ತಿಲು ದಾಟಿ ಒಳಕ್ಕೆ ಬಂದಿತ್ತು. ಬೇಕಾದವಳಿಗೆ ಮಾತ್ರ ತಲುಪಲಿಲ್ಲ.

ಅಂದಿನಿಂದ ನನಗೆ ಈ ವಾರದ ಸಭೆಯ ಮೇಲೆ ಆಸಕ್ತಿ ಹುಟ್ಟಿತು.

ಅಲ್ಲಿ ಏನು ನಡೆಯುತ್ತದೆ?

ಕ್ಲಬ್ಬಿನ ಸಭೆಯೆಂದರೆ ಇಸ್ಪೀಟು, ಹರಟೆ ಎಂದುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾನು ಕಂಡದ್ದು ಬೇರೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಸ್ವಾಗತ. ಹುಟ್ಟಿದ ದಿನ, ಮದುವೆಯಾದ ದಿನ ಇರುವವರಿಗೆ ಚಪ್ಪಾಳೆ. ಸಾರ್ಜೆಂಟ್ ಎನ್ನುವ ಹುದ್ದೆಯವರೊಬ್ಬರು ತಡವಾಗಿ ಬಂದವರಿಗೆ, ಪಿನ್ನು ಮರೆತವರಿಗೆ ತಮಾಷೆಯ ದಂಡ ಹಾಕಿ ಡಬ್ಬಿಗೆ ದುಡ್ಡು ಹಾಕಿಸುತ್ತಾರೆ. ಅತಿಥಿಯೊಬ್ಬರ ಮಾತು: ಒಮ್ಮೆ ವೈದ್ಯರು, ಒಮ್ಮೆ ಅಡಿಕೆಯ ರೋಗದ ಬಗ್ಗೆ ತಿಳಿದವರು, ಒಮ್ಮೆ ಶಾಲೆಯ ಮೇಷ್ಟ್ರು. ಇವೆಲ್ಲದರ ನಡುವೆ ಕಾರ್ಯದರ್ಶಿಗಳು ಎದ್ದು ನಿಂತು ಓದುವ ‘ಪ್ರಕಟಣೆಗಳು’ ಐದೇ ನಿಮಿಷ. ಹೆಚ್ಚಿನವರು ಆಗಲೇ ಗಡಿಯಾರ ನೋಡುತ್ತಿರುತ್ತಾರೆ. ಆದರೆ ನಮಗೆ, ಅಂದರೆ ಮನೆ ನಡೆಸುವವರಿಗೆ, ಸಭೆಯ ಜೀವ ಇರುವುದೇ ಆ ಐದು ನಿಮಿಷದಲ್ಲಿ.

ವಾರಕ್ಕೊಮ್ಮೆ ಸೇರುವ ಈ ಪದ್ಧತಿಯ ಮೂಲ ಅಮೆರಿಕದ ಷಿಕಾಗೋ ನಗರ. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಸೇರಿ ಸಭೆ ನಡೆಸಿದರು. ಒಂದು ಸಲ ಒಬ್ಬರ ಕಚೇರಿ, ಮತ್ತೊಂದು ಸಲ ಇನ್ನೊಬ್ಬರ ಕಚೇರಿ ಎಂದು ಸರದಿಯ ಮೇಲೆ ಸಭೆ ಸುತ್ತುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ಚಕ್ರದ ಗುರುತು ಆಮೇಲಿನದು. 1919ರಲ್ಲಿ ಅದು ಕಲ್ಕತ್ತೆಗೂ ಬಂತು. ಸಭೆಗೆ ತಪ್ಪಿಸಿಕೊಂಡರೆ ಪಕ್ಕದ ಊರಿನ ಕ್ಲಬ್ಬಿಗೆ ಹೋಗಿ ಹಾಜರಿ ತುಂಬಿಕೊಡಬೇಕು ಎನ್ನುವಷ್ಟು ಕಟ್ಟುನಿಟ್ಟು ಇತ್ತು. ತೀರ್ಥಹಳ್ಳಿಗೆ ಕೆಲಸಕ್ಕೆ ಹೋದ ಸಾಗರದವರು ಅಲ್ಲಿನ ಸಭೆಯಲ್ಲಿ ಕುಳಿತು ಬರುತ್ತಿದ್ದುದು ಹೀಗೆ. 2016ರಲ್ಲಿ ನಿಯಮ ಸಡಿಲವಾಗಿ, ತಿಂಗಳಿಗೆ ಎರಡು ಸಲವಾದರೂ ಸೇರಿದರೆ ಸಾಕು ಎಂದಾಯಿತು.

‘ಆನ್’ ಎಂಬವಳು ಯಾರು?

ನಿಮ್ಮ ಮನೆಯವರು ರೋಟರಿಯವರಾಗಿದ್ದರೆ ನಿಮ್ಮನ್ನು ‘ರೋಟರಿ ಆನ್’ ಎಂದು ಕರೆದಿರುತ್ತಾರೆ. ಆಮಂತ್ರಣದಲ್ಲೂ ಹಾಗೆಯೇ ಅಚ್ಚಾಗಿರುತ್ತದೆ. ಈ ಆನ್ ಯಾರು ಅಂತ ಎಂದಾದರೂ ಯೋಚಿಸಿದ್ದೀರಾ?

ಅವಳು ನಮ್ಮಂಥ ಗೃಹಿಣಿಯೇ. 1914ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ರೋಟರಿಯ ಸಮ್ಮೇಳನ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಶೇಷ ರೈಲಿನಲ್ಲಿ ಗಂಡಸರೆಲ್ಲ ತುಂಬಿಕೊಂಡಿದ್ದರು. ಬ್ರನಿಯರ್ ಎಂಬ ಸದಸ್ಯರೊಬ್ಬರು ಮಾತ್ರ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಆಕೆಯ ಹೆಸರು ಆನ್. ಸಹಪ್ರಯಾಣಿಕರು ಆಕೆಗೆ ‘ರೋಟರಿ ಆನ್’ ಎಂದು ಪ್ರೀತಿಯ ಅಡ್ಡಹೆಸರಿಟ್ಟರು. ಅದು ಲೋಕದ ಎಲ್ಲ ರೋಟರಿ ಪತ್ನಿಯರ ಹೆಸರಾಗಿ ಬಿಟ್ಟಿತು. ಹೆಸರು ಮುದ್ದಾಗಿದೆ, ಒಪ್ಪಿದೆ. ಆದರೆ ನೋಡಿ, ನಮ್ಮ ಹೆಸರು ಹೋಗಿ ರೈಲಿನಲ್ಲಿ ಕುಳಿತಿದ್ದ ಯಾರದೋ ಹೆಸರು ನಮಗೆ ಅಂಟಿಕೊಂಡಿತಲ್ಲ!

ಸುಮ್ಮನೆ ಜೊತೆಗೆ ಹೋಗುವುದಷ್ಟೇ ಸಾಲದು ಎಂದುಕೊಂಡ ಹೆಂಗಸರೂ ಇದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಎಂಬ ನರ್ಸು, ರೋಟರಿ ಸದಸ್ಯರ ಪತ್ನಿ. ಆಕೆ 1923ರ ನವೆಂಬರಿನಲ್ಲಿ ತನ್ನಂಥ ಮಹಿಳೆಯರನ್ನು ಕೂಡಿಸಿದಳು. ಕೂಡಿಸಿದ್ದು ಎಲ್ಲಿ ಗೊತ್ತೇ? ಬೇರೆ ಜಾಗ ಸಿಕ್ಕದೆ ಒಂದು ಸಾರ್ವಜನಿಕ ಸ್ನಾನಗೃಹದಲ್ಲಿ! 1924ರ ಜನವರಿ 10ರಂದು ‘ಇನ್ನರ್ ವೀಲ್’ ಹುಟ್ಟಿತು. ಅದೇ ದಿನವನ್ನು ಇಂದಿಗೂ ಇನ್ನರ್ ವೀಲ್ ದಿನವೆಂದು ಆಚರಿಸುತ್ತಾರೆ. ನಮ್ಮ ದೇಶದ ಮೊದಲ ಇನ್ನರ್ ವೀಲ್ ಕ್ಲಬ್ಬು ಅಹಮದಾಬಾದಿನದು, 1955ರಲ್ಲಿ. ದೊಡ್ಡ ಚಕ್ರದೊಳಗಿನ ಚಿಕ್ಕ ಚಕ್ರ ಎಂದು ಅರ್ಥ. ಚಿಕ್ಕದಾದರೂ ಅದು ತನ್ನಷ್ಟಕ್ಕೆ ತಾನೇ ತಿರುಗುತ್ತದೆ.

ದೊಡ್ಡ ಚಕ್ರದ ಬಾಗಿಲು ಮಾತ್ರ ಬಹಳ ಕಾಲ ತೆರೆಯಲಿಲ್ಲ. 1977ರಲ್ಲಿ ಕ್ಯಾಲಿಫೋರ್ನಿಯಾದ ಡ್ಯುವಾರ್ಟೆ ಎಂಬ ಪುಟ್ಟ ಊರಿನ ರೋಟರಿ ಕ್ಲಬ್ಬು ಮೂವರು ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡಿತು. ಮೇಲಿನವರು ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡರು. ಆ ಊರಿನವರು ಹೆದರಲಿಲ್ಲ. ಚಕ್ರದ ಗುರುತಿನ ಮೇಲೆ ಒಂದು ಅಡ್ಡಗೀಟು ಹಾಕಿಕೊಂಡು, ತಮ್ಮನ್ನು ‘ಮಾಜಿ ರೋಟರಿ’ ಎಂದು ಕರೆದುಕೊಂಡು ವಾರದ ಸಭೆ ಮುಂದುವರಿಸಿದರು. ಕೋರ್ಟಿಗೆ ಹೋದರು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಅದೇ ಕ್ಲಬ್ಬಿಗೆ ಸಿಲ್ವಿಯಾ ವಿಟ್ಲಾಕ್ ಎಂಬಾಕೆ ಅಧ್ಯಕ್ಷೆಯಾದಳು. ಲೋಕದ ಮೊದಲ ರೋಟರಿ ಅಧ್ಯಕ್ಷೆ! ಲಯನ್ಸ್ ಸಂಸ್ಥೆಯೂ 1987ರಲ್ಲೇ ಮಹಿಳೆಯರಿಗೆ ಬಾಗಿಲು ತೆರೆಯಿತು. 1989ರಲ್ಲಿ ರೋಟರಿ ಇಡೀ ಜಗತ್ತಿಗೇ ನಿಯಮ ಬದಲಿಸಿತು. 2022ರ ಜುಲೈಯಲ್ಲಿ ಕೆನಡಾದ ಜೆನಿಫರ್ ಜೋನ್ಸ್ ರೋಟರಿಯ ಮೊದಲ ಮಹಿಳಾ ವಿಶ್ವ ಅಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡರು.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ಸಭೆಯ ಕೋಣೆ ‘ಗಂಡಸರದು’ ಎಂಬ ಮಾತಿಗೆ ಈಗ ಆಧಾರವಿಲ್ಲ. ನಾವು ಹೋಗದೇ ಇದ್ದರೆ ಅದು ನಿಯಮದಿಂದಲ್ಲ, ಅಭ್ಯಾಸದಿಂದ.

ಪ್ರಕಟಣೆ ಓದುವುದು ಹೇಗೆ?

ಸದಸ್ಯೆಯಾಗುವುದು ಆಮೇಲಿನ ಮಾತು. ಮೊದಲು ಮನೆಗೆ ಬಂದ ಪ್ರಕಟಣೆಯನ್ನು ಓದಲು ಕಲಿಯೋಣ. ನಮ್ಮ ಮೂರು ತಾಲ್ಲೂಕುಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮೂರು ಪ್ರಕಟಣೆಗಳನ್ನು ನೋಡಿ. ಮೂರರಲ್ಲೂ ಅಡಿಗೆಮನೆಯ ಕೆಲಸವಿದೆ.

ಮೊದಲನೆಯದು ಕಣ್ಣಿನ ಶಿಬಿರ. ಕರ್ನಾಟಕದಲ್ಲಿ ಈ ಮಾತು ಮನೆಮಾತಾಗಲು ಡಾ. ಎಂ. ಸಿ. ಮೋದಿ (1916–2005) ಅವರು ದೊಡ್ಡ ಕಾರಣ. ಊರೂರಿಗೆ ತಾವೇ ಹೋಗಿ, ಸಾಲು ಸಾಲಾಗಿ ಜನರಿಗೆ ಪೊರೆ ತೆಗೆದು ದೃಷ್ಟಿ ಕೊಟ್ಟವರು ಅವರು. ಆ ಕಾಲದಲ್ಲಿ “ಪೊರೆ ಬಲಿಯಲಿ, ಆಮೇಲೆ ತೆಗೆಸೋಣ” ಎನ್ನುತ್ತಿದ್ದರು. ಈಗ ಬಲಿಯುವವರೆಗೆ ಕಾಯಬೇಕಾಗಿಲ್ಲ. ಮಸುಕಾದ ಮಸೂರವನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ, ಕೆಲಸ ಬೇಗ ಮುಗಿಯುತ್ತದೆ. ಆದ್ದರಿಂದ ಅತ್ತೆಯವರು ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯತೊಡಗಿದರೆ, ಅಕ್ಕಿಯಲ್ಲಿ ಕಲ್ಲು ಉಳಿಯತೊಡಗಿದರೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದರೆ, “ವಯಸ್ಸಾಯ್ತು” ಎಂದು ಬಿಡಬೇಡಿ. ಕಣ್ಣು ಪರೀಕ್ಷೆಯಾಗಲಿ.

ಶಿಬಿರಕ್ಕೆ ಕರೆದೊಯ್ಯುವಾಗ ಆಧಾರ್ ಕಾರ್ಡು, ಪಡಿತರ ಚೀಟಿ, ದಿನವೂ ನುಂಗುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು, ಜೊತೆಗೆ ಒಬ್ಬರು ಇರಲಿ. ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿಸಿಬಿಡಿ, ಆಮೇಲೆ ಕೆಲವು ದಿನ ಕಣ್ಣಿಗೆ ನೀರು ತಾಗುವಂತಿಲ್ಲ. ಮನೆಗೆ ಬಂದ ಮೇಲೆ ಸೌದೆ ಒಲೆಯ ಮುಂದೆ ಕೂರಿಸಬೇಡಿ, ಬಗ್ಗಿ ಕೊಡ ಎತ್ತಲು ಬಿಡಬೇಡಿ, ಕಣ್ಣು ಉಜ್ಜಲು ಬಿಡಬೇಡಿ. ಹನಿ ಮದ್ದು ಹಾಕುವ ಮುನ್ನ ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ವೈದ್ಯರು ಮಾಡುವುದು ಕೆಲವು ನಿಮಿಷದ ಕೆಲಸ, ಉಳಿದ ತಿಂಗಳ ಕೆಲಸ ಮನೆಯವಳದು.

ಎರಡನೆಯದು ರಕ್ತದಾನ ಶಿಬಿರ. 18ರಿಂದ 65 ವರ್ಷದೊಳಗಿನ, ತೂಕ 45 ಕಿಲೋಗೆ ಕಡಿಮೆಯಿಲ್ಲದ, ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕೊಡಬಾರದು. ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಇಲ್ಲೇ ನಮ್ಮ ಹೆಂಗಸರು ಎಡವುವುದು. ಉತ್ಸಾಹದಿಂದ ಸಾಲಿನಲ್ಲಿ ನಿಂತವರನ್ನು ಬೆರಳು ಚುಚ್ಚಿ ನೋಡಿ, “ನಿಮ್ಮದು ಸಾಲದಮ್ಮ” ಎಂದು ವಾಪಸು ಕಳಿಸುತ್ತಾರೆ. ಅವಮಾನವಾಯಿತೆಂದು ಮುಖ ಸಣ್ಣ ಮಾಡಿಕೊಂಡು ಬರಬೇಡಿ. ಕೊಡಲು ಹೋಗಿ ನಿಮಗೇ ಒಂದು ಸುದ್ದಿ ಸಿಕ್ಕಿತು ಎಂದುಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ತಾನು ಉಣ್ಣುವ ಅಭ್ಯಾಸದ ಫಲವಿದು ಎಂದರೆ ತಪ್ಪಾದೀತೇ?

ಹರಿವೆ, ನುಗ್ಗೆ, ಬಸಳೆ ಸೊಪ್ಪು ನಮ್ಮ ಹಿತ್ತಲಲ್ಲೇ ಇವೆ. ಹೆಸರುಕಾಳು, ಕಡಲೆಕಾಳು ಮೊಳಕೆ ಬರಿಸಿ. ಸೊಪ್ಪಿನ ಪಲ್ಯದ ಮೇಲೆ ಅರ್ಧ ಹೋಳು ಲಿಂಬೆ ಹಿಂಡಿ, ಹುಳಿಯ ಜೊತೆಗೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಚಹ ಬೇಡ, ಅದು ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆಯಿರಿ. ಇಷ್ಟರಿಂದಲೂ ಏರದಿದ್ದರೆ ವೈದ್ಯರಿಗೆ ತೋರಿಸಿ ಮಾತ್ರೆ ತೆಗೆದುಕೊಳ್ಳಿ. ಮುಂದಿನ ಶಿಬಿರದಲ್ಲಿ ತಲೆಯೆತ್ತಿ ಸಾಲಿನಲ್ಲಿ ನಿಲ್ಲಿ.

ಮೂರನೆಯದು ನಮ್ಮ ಮಲೆನಾಡಿನದೇ ಆದ ಪ್ರಕಟಣೆ: ಮಂಗನ ಕಾಯಿಲೆಯ ಎಚ್ಚರಿಕೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರಕ್ಕೆ ಲೋಕದ ವೈದ್ಯರೆಲ್ಲ ಆ ಕಾಡಿನ ಹೆಸರನ್ನೇ ಇಟ್ಟಿದ್ದಾರೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟು ಮನೆಗಳ ದೀಪ ಆರಿಸಿತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ತೀರ್ಥಹಳ್ಳಿ ಕಡೆಗೂ ಅದು ಕಾಲಿಟ್ಟಿದೆ. ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಚಳಿಗಾಲ ಹಿಡಿದು ಬೇಸಗೆ ಮುಗಿಯುವ ತನಕ ಅದರ ಕಾಲ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಿಂದ ನಿಂತಿದೆ. ಆದ್ದರಿಂದ ಎಚ್ಚರವೇ ಮದ್ದು.

ಈಗ ಹೇಳಿ, ಆ ತಿಂಗಳುಗಳಲ್ಲಿ ಕಾಡಿನಂಚಿಗೆ ಹೋಗುವವರು ಯಾರು? ಕೊಟ್ಟಿಗೆಗೆ ದರಗು ಗುಡಿಸಿ ತರುವವರು, ಸೌದೆ ಹೆಕ್ಕುವವರು, ದನ ಹುಡುಕಿಕೊಂಡು ಹೋಗುವವರು ಹೆಚ್ಚಾಗಿ ಹೆಂಗಸರೇ. ಎಚ್ಚರಿಕೆ ಓದಿದ್ದು ಎಲ್ಲಿ? ಪೇಟೆಯ ಸಭಾಭವನದಲ್ಲಿ, ಫ್ಯಾನಿನ ಕೆಳಗೆ ಕುಳಿತವರ ಮುಂದೆ! ಅಲ್ಲಿಂದ ಇಲ್ಲಿಗೆ ಅದನ್ನು ಯಾರಾದರೂ ಹೊತ್ತು ತರಬೇಕಲ್ಲವೇ? ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿ. ಮಂಗ ಸತ್ತ ಕಡೆಯ ದರಗನ್ನು ಕೊಟ್ಟಿಗೆಗೆ ತರಬೇಡಿ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಧರಿಸಿ. ಬಂದ ಕೂಡಲೆ ಬಿಸಿನೀರು, ಸೋಪಿನಲ್ಲಿ ಸ್ನಾನ. ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯಿರಿ. ಒಮ್ಮಿಂದೊಮ್ಮೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಹೇಳಿ.

ತಲುಪಿದ ಸುದ್ದಿಯ ಫಲ

ಸುದ್ದಿ ಒಲೆಯ ಬಳಿಗೆ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿಯಿದೆ. 1985ರಲ್ಲಿ ರೋಟರಿ ಪೋಲಿಯೋ ನಿರ್ಮೂಲನದ ಪಣ ತೊಟ್ಟಿತು. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. ಆ ಭಾನುವಾರಗಳು ನೆನಪಿವೆಯೇ? ಅಂಗನವಾಡಿ ಟೀಚರು, ದಾದಿಯರು, ಕ್ಲಬ್ಬಿನ ಟೋಪಿ ಹಾಕಿದವರು ಬಸ್‌ಸ್ಟ್ಯಾಂಡಿನಲ್ಲೂ ಸಂತೆಯಲ್ಲೂ ಕುಳಿತಿರುತ್ತಿದ್ದರು. ಬಿಟ್ಟುಹೋದ ಮಕ್ಕಳನ್ನು ಹುಡುಕಿಕೊಂಡು ಮನೆಬಾಗಿಲಿಗೇ ಬಂದು, ಎರಡು ಹನಿ ಹಾಕಿ, ಕಿರುಬೆರಳಿಗೆ ಮಸಿ ಹಚ್ಚಿ ಹೋಗುತ್ತಿದ್ದರು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರದ್ದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದು ಹಣದಿಂದ ಮಾತ್ರ ಆದ ಕೆಲಸವಲ್ಲ. ತಾಯಂದಿರು ತಾರೀಕು ನೆನಪಿಟ್ಟುಕೊಂಡು ಮಗುವನ್ನು ಸೊಂಟಕ್ಕೇರಿಸಿ ಹೊರಟಿದ್ದರಿಂದ ಆದದ್ದು.

ನೀವು ಮಾಡಬಹುದಾದ್ದು

ಈಗ ಅಚ್ಚಿನ ಸುದ್ದಿಪತ್ರ ಕಡಿಮೆಯಾಗಿ ಎಲ್ಲವೂ ವಾಟ್ಸ್‌ಆ್ಯಪ್ಪಿನಲ್ಲಿ ಬರುತ್ತದೆ. ಬಿಸ್ಕತ್ತಿನ ಡಬ್ಬಿಯ ಕೆಳಗೆ ಹೋಗುವ ಬದಲು ಯಜಮಾನರ ಫೋನಿನೊಳಗೇ ಹೂತುಹೋಗುತ್ತದೆ, ಅಷ್ಟೇ ವ್ಯತ್ಯಾಸ. ಸಭೆಯ ಮಾರನೆಯ ಬೆಳಿಗ್ಗೆ ಕಾಫಿ ಕೊಡುವಾಗ “ಏನಾಯ್ತು?” ಎಂದು ಕೇಳಬೇಡಿ. “ಪ್ರಕಟಣೆ ಏನಿತ್ತು?” ಎಂದು ಕೇಳಿ. ಆಗ “ಏನಿಲ್ಲ” ಎನ್ನಲು ಬರುವುದಿಲ್ಲ!

ಉತ್ತರ ಸಿಕ್ಕಿದರೆ ಐದು ಪ್ರಶ್ನೆ ಹಾಕಿ: ಯಾವತ್ತು? ಎಷ್ಟು ಹೊತ್ತಿಗೆ? ಎಲ್ಲಿ? ಯಾರಿಗೆ? ಏನು ತರಬೇಕು? ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡಿ. ಹಳ್ಳಿಯವರಿಗೆ ಹೇಳುವಾಗ ಆರನೆಯ ಪ್ರಶ್ನೆಯೂ ಬೇಕು: ವಾಪಸು ಬಸ್ಸು ಎಷ್ಟು ಹೊತ್ತಿಗೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಸಾಗರ, ಹೊಸನಗರದ ಎಷ್ಟೋ ಹಳ್ಳಿಗಳ ದಾರಿ ನುಂಗಿತು. ತುಮರಿ ಕಡೆಯವರು ಲಾಂಚಿನ ಸಮಯ ನೋಡಿಯೇ ಆಸ್ಪತ್ರೆಗೆ ಹೊರಡಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಷ್ಟ ನೀಗಿದೆ. ಆದರೂ ಒಳಹಳ್ಳಿಗಳಿಗೆ ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ಪೇಟೆಯಲ್ಲೇ. “ಶಿಬಿರಕ್ಕೆ ಜನ ಬರಲಿಲ್ಲ” ಎಂದು ಕ್ಲಬ್ಬಿನವರು ಬೇಸರಪಟ್ಟರೆ, ಬಸ್ಸಿನ ವೇಳೆ ನೋಡಿ ಸಮಯ ಇಟ್ಟಿದ್ದರೇ ಎಂದು ಕೇಳುವವರು ಒಬ್ಬರು ಬೇಕು. ಅದು ನೀವೇ ಯಾಕಾಗಬಾರದು?

ಆಮೇಲೆ ಮೂರು ಜನಕ್ಕೆ ಹೇಳಿ. ಮನೆಗೆಲಸಕ್ಕೆ ಬರುವವಳು, ಹಾಲು ತರಕಾರಿ ಕೊಡುವವಳು, ಪಕ್ಕದ ಮನೆಯ ವಯಸ್ಸಾದವರು. ಅಡಿಕೆ ಕೊಯ್ಲಿನ ಕಾಲದಲ್ಲಂತೂ ನಮ್ಮದೇ ಒಂದು ಸಭೆ ಇದೆಯಲ್ಲ! ಈಗ ಸುಲಿಯುವ ಯಂತ್ರ ಬಂದಿದ್ದರೂ ಎಷ್ಟೋ ಮನೆಗಳಲ್ಲಿ ಹೆಂಗಸರು ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಗಂಟೆಯಿಲ್ಲ, ಅಧ್ಯಕ್ಷರಿಲ್ಲ, ಆದರೆ ಹತ್ತು ಮನೆಯ ಸುದ್ದಿ ಅಲ್ಲಿ ಹತ್ತು ಮನೆಗೆ ಹೋಗುತ್ತದೆ. ಅಲ್ಲಿ ಐದು ನಿಮಿಷ ಪ್ರಕಟಣೆ ಓದಿ ನೋಡಿ.

ಇನ್ನೊಂದು ಮಾತು. ಕ್ಲಬ್ಬಿನ ‘ಕುಟುಂಬ ಸಭೆ’ ನಿಮ್ಮ ಮನೆಯಲ್ಲೇ ನಡೆದರೆ ಇಡೀ ಸಂಜೆ ಬಾಣಲೆಯ ಮುಂದೆ ನಿಲ್ಲಬೇಡಿ. ಬಿಸಿ ಬಿಸಿ ಬೋಂಡ ಕರಿದು ಬಡಿಸುವವಳಿಗೆ ಸಭೆಯಲ್ಲಿ ಕುರ್ಚಿ ಸಿಕ್ಕುವುದಿಲ್ಲ. ಮಧ್ಯಾಹ್ನವೇ ಮಾಡಿಡಬಹುದಾದ ಕೊಟ್ಟೆ ಕಡುಬು, ಅದಕ್ಕೆ ಗಟ್ಟಿ ಚಟ್ನಿ, ಒಗ್ಗರಣೆ ಹಾಕಿದ ಮೊಸರವಲಕ್ಕಿ, ಕೊನೆಗೆ ಶುಂಠಿ ಕರಿಬೇವಿನ ಮಜ್ಜಿಗೆ. ಸಂಜೆ ಐದಕ್ಕೆ ಒಲೆ ಆರಿಸಿ, ಸೀರೆ ಬದಲಿಸಿ, ಮೊದಲ ಸಾಲಿನಲ್ಲಿ ಕೂತುಕೊಳ್ಳಿ.

ಅಜ್ಜಿಯ ಕಥೆಯ ಉಳಿದರ್ಧ

ಹಾಲಿನ ಅಜ್ಜಿಯ ಕಥೆ ಅರ್ಧಕ್ಕೇ ನಿಲ್ಲಿಸಿದ್ದೆ. ಮುಂದಿನ ವರ್ಷ ಶಿಬಿರದ ಸಮಯ ಹತ್ತಿರ ಬಂದಾಗ ನಾನೂ ಸಭೆಗೆ ಬರುತ್ತೇನೆಂದೆ. “ನೀನು ಅಲ್ಲಿಗೆ ಬಂದು ಎಂತ ಮಾಡ್ತೀಯೆ?” ಎಂದರು ಮನೆಯವರು. “ಪ್ರಕಟಣೆ ಕೇಳ್ತೀನಿ” ಎಂದೆ. ಹೋದೆ. ಎದೆ ಡವಡವ ಎನ್ನುತ್ತಿತ್ತು. ಕಾರ್ಯದರ್ಶಿಗಳು ತಾರೀಕು ಓದಿ ಮುಗಿಸಿದ ಮೇಲೆ ಎದ್ದು ನಿಂತು, “ಹಳ್ಳಿಯವರಿಗೆ ಯಾರು ತಿಳಿಸ್ತಾರೆ?” ಎಂದು ಕೇಳಿದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯ ಸದಸ್ಯರೊಬ್ಬರು, “ನೀವೇ ತಿಳಿಸಿ ತಂಗೀ, ನಮ್ಮ ಜೀಪು ಕಳಿಸ್ತೇನೆ” ಎಂದರು. ಇನ್ನಿಬ್ಬರು ಗೃಹಿಣಿಯರು ಜೊತೆಯಾದರು. ಆ ಸಲ ಜೀಪು ಎರಡು ಸಲ ಹೋಗಿ ಬಂತು.

ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮರುದಿನ ನೋಡಲು ಹೋದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, “ಅಯ್ಯೋ ಅಮ್ಮಾರೆ, ನಿಮ್ಗೂ ತಲೆ ಹಣ್ಣಾಯ್ತಲ್ಲ! ನಾ ಇಷ್ಟು ದಿನ ನೀವಿನ್ನೂ ಹುಡ್ಗೀರು ಅಂತ್ಲೇ ತಿಳ್ಕಂಡಿದ್ದೆ” ಎಂದಳು. ನನ್ನ ಬಿಳಿ ಕೂದಲನ್ನು ಯಾರಾದರೂ ಎತ್ತಿ ಆಡಿದಾಗ ಅಷ್ಟು ಸಂತೋಷವಾದದ್ದು ಅದೇ ಮೊದಲು!

ಸುದ್ದಿ ಒಂದು ವರ್ಷ ಮೊದಲೇ ತಲುಪಿದ್ದರೆ ಆ ಕೈ ಮುರಿಯುತ್ತಿರಲಿಲ್ಲ, ಆ ಹಸು ಮಾರಿಹೋಗುತ್ತಿರಲಿಲ್ಲ ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ರೋಟರಿಯವರಿಗೆ ನಾಲ್ಕು ಪ್ರಶ್ನೆಗಳ ಒಂದು ಒರೆಗಲ್ಲಿದೆ. ಆಡುವ ಮಾತು, ಮಾಡುವ ಕೆಲಸ ನಿಜವೇ, ನ್ಯಾಯವೇ, ಸ್ನೇಹ ಬೆಳೆಸೀತೇ, ಎಲ್ಲರಿಗೂ ಹಿತವೇ ಎಂದು ಅದರ ತಾತ್ಪರ್ಯ. ನಾಲ್ಕನೆಯದಕ್ಕೆ ‘ಹೌದು’ ಎನ್ನಬೇಕಾದರೆ ಸುದ್ದಿ ಎಲ್ಲರಿಗೂ ಮುಟ್ಟಬೇಕು. ಮುಟ್ಟಿಸುವ ಕೈ ನಮ್ಮದು.

ಈ ವಾರ ನಿಮ್ಮ ಊರಿನಲ್ಲಿ ಸಭೆ ಯಾವತ್ತು? ಕೇಳಿಟ್ಟುಕೊಳ್ಳಿ. ಬಿಸ್ಕತ್ತಿನ ಡಬ್ಬಿಯ ಕೆಳಗೂ ಒಮ್ಮೆ ನೋಡಿಬಿಡಿ.